ಅಮೆರಿಕದ ರೈತ ಮನೆತನದ ಬೇರು ಹುಡುಕಲು ಯಾವ ದಾರಿ: ಜನಗಣತಿಯೋ, ಜಮೀನಿನ ಪತ್ರವೋ, ಡಿಎನ್‌ಎಯೋ?

ನಮ್ಮ ಬೀಗರು ಇಂಡಿಯಾನಾ ರಾಜ್ಯದ ದಕ್ಷಿಣ ಭಾಗದ ರೈತರು. ಮೆಕ್ಕೆಜೋಳ, ಸೋಯಾ ಬೆಳೆಯುತ್ತಾರೆ. ಮೂರು ವರ್ಷದ ಹಿಂದೆ ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದರು. ನಮ್ಮ ಕಡೆಯ ಕೊಂಬೆ ಅರ್ಧ ಗಂಟೆಯಲ್ಲಿ ಮುಗಿಯಿತು. ನಮ್ಮಮ್ಮ ಇದ್ದಾಗ ಹೆಳವರು ಬಂದು ಏಳು ತಲೆಮಾರು ಹೇಳಿದ್ದನ್ನು ಅಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಬೀಗರ ಕಡೆ ಮಾತ್ರ ಮುತ್ತಜ್ಜನ ಹೆಸರಿಗೇ ಗಾಡಿ ನಿಂತಿತು. "ಕೆಂಟಕಿಯಿಂದ ಬಂದವರಂತೆ" ಅನ್ನುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಅಲ್ಲಿ ಮನೆ ಬಾಗಿಲಿಗೆ ಬಂದು ವಂಶ ಹೇಳುವ ಹೆಳವರು ಇಲ್ಲವಲ್ಲ.

ನಾನು ಕೆಲಸದಲ್ಲಿದ್ದಷ್ಟು ಕಾಲ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದವನು. ಮಗಳ ಮನೆಗೆ ಹೋದಾಗಲೆಲ್ಲ ಸುಮ್ನೆ ಟಿವಿ ನೋಡಿಕೊಂಡು ಕೂರುವ ಬದಲು ಇದನ್ನು ಹಿಡಿದುಕೊಂಡೆ. ಮೊಮ್ಮಗನ ಹೋಂವರ್ಕ್ ಎಂದೋ ಮುಗಿಯಿತು, ನನ್ನದು ಮುಗಿದಿಲ್ಲ. ಮಕ್ಕಳು ಅಮೆರಿಕದವರನ್ನು ಮದುವೆಯಾದ ಮನೆಗಳು ಈಗ ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರಿಗೆ ಯಾವ ದಾರಿಯಲ್ಲಿ ಏನು ಸಿಗುತ್ತದೆ, ಎಲ್ಲಿ ದುಡ್ಡು ಬಿಚ್ಚಬೇಕು, ಎಲ್ಲಿ ಬೇಡ ಅನ್ನುವುದನ್ನು ಹೇಳುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯ ಮನೆತನವಾದರೆ ಹೆಸರಿನ ಹಿಂದೆ ಓಡಬೇಡಿ, ನೆಲದ ಹಿಂದೆ ಹೋಗಿ.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಒಂದು ಮನೆ ಬೇಕು. ಅಬ್ರಹಾಂ ಲಿಂಕನ್‌ನ ಮನೆತನವನ್ನೇ ತೆಗೆದುಕೊಳ್ಳುತ್ತೇನೆ. ಅವನು ಅಧ್ಯಕ್ಷನಾದ, ಸರಿ. ಆದರೆ ಅವನ ಅಪ್ಪ, ಅಜ್ಜ ಎಲ್ಲ ಕಾಡು ಕಡಿದು ಹೊಲ ಮಾಡಿದ ರೈತರು. ನಮ್ಮ ಬೀಗರ ಹಾಗೇ ಕೆಂಟಕಿಯಿಂದ ಇಂಡಿಯಾನಾಗೆ ಬಂದವರು.

ಮನೆಯ ಮಾತೋ, ಆನ್‌ಲೈನ್ ವಂಶವೃಕ್ಷವೋ?

ಮನೆಯ ಹಿರಿಯರೇ ಮೊದಲು. ಇದರಲ್ಲಿ ಎರಡು ಮಾತಿಲ್ಲ. ತಾಣಗಳು ನಾಳೆಯೂ ಇರುತ್ತವೆ, 88 ವರ್ಷದ ಅಜ್ಜಿ ಇರುತ್ತಾರೋ ಇಲ್ಲವೋ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. "ನಿಮ್ಮ ಅಜ್ಜನ ಹೆಸರೇನು" ಎಂದು ಕೇಳಿದರೆ ಒಂದೇ ಪದದಲ್ಲಿ ಮುಗಿಯುತ್ತದೆ. "ಯಾವ ಚರ್ಚಿಗೆ ಹೋಗುತ್ತಿದ್ದರು, ಎಲ್ಲಿ ಹೂತಿದ್ದಾರೆ, ಪಕ್ಕದ ಹೊಲ ಯಾರದು" ಎಂದು ಕೇಳಿ. ಮುಂದೆ ಉಪಯೋಗಕ್ಕೆ ಬರುವುದು ಇವೇ.

ಆಮೇಲೆ ಮನೆಯ ಬೈಬಲ್. ಹಳೆಯ ಒಡಂಬಡಿಕೆಗೂ ಹೊಸ ಒಡಂಬಡಿಕೆಗೂ ನಡುವೆ ಹುಟ್ಟು, ಮದುವೆ, ಸಾವು ಬರೆಯಲು ಖಾಲಿ ಹಾಳೆಗಳಿರುತ್ತವೆ. ಅದನ್ನು ಓದುವ ಮುಂಚೆ ಶೀರ್ಷಿಕೆಯ ಪುಟ ತಿರುಗಿಸಿ, ಬೈಬಲ್ ಅಚ್ಚಾದ ವರ್ಷ ನೋಡಿ. 1870ರಲ್ಲಿ ಅಚ್ಚಾದ ಪುಸ್ತಕದಲ್ಲಿ 1832ರ ಹುಟ್ಟು ಬರೆದಿದ್ದರೆ ಅದು ಯಾರೋ ನೆನಪಿನಿಂದ ಬರೆದದ್ದು. ಶಾಯಿ, ಕೈಬರಹ ಎಲ್ಲ ಒಂದೇ ಥರ ಇದ್ದರೂ ಅದೇ ಅರ್ಥ. ಲಿಂಕನ್ ಮನೆಯ ಬೈಬಲ್ಲಿನ ಹಾಳೆಯನ್ನು ಬರೆದವನು ಅಬ್ರಹಾಂ ಲಿಂಕನ್ನೇ, ಅದೂ 1851ರಲ್ಲಿ ಅಪ್ಪ ತೀರಿಕೊಂಡ ಮೇಲೆ. ನೆನಪು ಎಷ್ಟು ಜಾರುತ್ತದೆ ಅನ್ನುವುದಕ್ಕೂ ಅವನೇ ಸಾಕ್ಷಿ. ಅಜ್ಜ ಅಲ್ಲಿನ ಮೂಲನಿವಾಸಿ ಇಂಡಿಯನ್ನರ ಕೈಯಲ್ಲಿ ಸತ್ತದ್ದು ಸುಮಾರು 1784ರ ಹೊತ್ತಿಗೆ ಎಂದು ಲೆಕ್ಕ ಬರುವ ಹಾಗೆ ಬರೆದಿದ್ದ. ಈಗ ಒಪ್ಪಿಕೊಂಡಿರುವ ವರ್ಷ 1786.

ಮನೆಮಾತಿನಲ್ಲಿ ಇನ್ನೆರಡು ಕಥೆ ಪದೇ ಪದೇ ಕೇಳುತ್ತೀರಿ. ಒಂದು, "ನಮ್ಮ ಮುತ್ತಜ್ಜಿ ಚೆರೋಕಿ ರಾಜಕುಮಾರಿ." ಚೆರೋಕಿ ಅಂದರೆ ಅಲ್ಲಿನ ಮೂಲನಿವಾಸಿಗಳ ಒಂದು ಬುಡಕಟ್ಟು, ಅವರಲ್ಲಿ ರಾಜಕುಮಾರಿ ಅನ್ನುವ ಪದವಿಯೇ ಇರಲಿಲ್ಲ. ಇನ್ನೊಂದು, "ಎಲ್ಲಿಸ್ ದ್ವೀಪದ ಗುಮಾಸ್ತ ನಮ್ಮ ಹೆಸರು ಬದಲಾಯಿಸಿದ." ವಲಸೆ ಬಂದವರು ಹಡಗಿನಿಂದ ಇಳಿದು ತಪಾಸಣೆಗೆ ನಿಲ್ಲುತ್ತಿದ್ದ ನ್ಯೂಯಾರ್ಕ್ ಬಂದರಿನ ಜಾಗ ಅದು. ಅಲ್ಲಿನ ಗುಮಾಸ್ತರು ಹಡಗಿನ ಪಟ್ಟಿ ಮುಂದಿಟ್ಟುಕೊಂಡು ಹೆಸರು ಕೂಗುತ್ತಿದ್ದರು, ಹೊಸ ಹೆಸರು ಕೊಡುತ್ತಿರಲಿಲ್ಲ. ಹೆಸರು ಬದಲಾದದ್ದು ಬಹುಮಟ್ಟಿಗೆ ಊರು ಸೇರಿದ ಮೇಲೆ, ಅವರವರೇ ಬದಲಾಯಿಸಿಕೊಂಡದ್ದು. ಈ ಕಥೆಗಳನ್ನು ಹೇಳಿದವರ ಮುಂದೆ ಅಲ್ಲಗಳೆಯಬೇಡಿ. ಬರೆದುಕೊಂಡು ಬನ್ನಿ, ಅಷ್ಟೇ.

ಆನ್‌ಲೈನ್ ವಂಶವೃಕ್ಷದ ರುಚಿ ನಾನೂ ನೋಡಿದ್ದೇನೆ. ದುಡ್ಡು ಕೊಟ್ಟು ಸೇರಿದ ಒಂದು ತಾಣದಲ್ಲಿ ಹಸಿರು ಎಲೆ, ಬಾಣ ಏನೇನೋ ತೋರಿಸುತ್ತಿತ್ತು. ಒತ್ತುತ್ತಾ ಹೋದೆ. ಒಂದೇ ಸಂಜೆಗೆ 1600ರ ಇಂಗ್ಲೆಂಡಿಗೆ ಮುಟ್ಟಿದೆ. ಹಿಗ್ಗಿಹೋಗಿ ಮಗಳಿಗೆ ತೋರಿಸಿದೆ. ಅವಳು ಎರಡು ನಿಮಿಷ ನೋಡಿ, "ಅಪ್ಪಾ, ಈ ಅಜ್ಜಿಗೆ ಮಗ ಹುಟ್ಟುವಾಗ ಒಂಬತ್ತು ವರ್ಷವಾ?" ಅಂದಳು. ಯಾರೋ ಒಬ್ಬರು ಮಾಡಿದ ತಪ್ಪನ್ನು ನೂರಾರು ಜನ ನಕಲು ಮಾಡಿಕೊಂಡಿದ್ದರು, ನಾನೂ ಒಬ್ಬ. ಇಂಥ ಮರಗಳನ್ನು ಸುಳಿವಿಗೆ ನೋಡಬಹುದು. ಕೆಳಗೆ ಕಾಗದದ ಚಿತ್ರ ಅಂಟಿಸಿರದ ಹೆಸರನ್ನು ನಿಮ್ಮ ಮರಕ್ಕೆ ಏರಿಸಬೇಡಿ.

ಬಿಟ್ಟಿ ತಾಣವೋ, ದುಡ್ಡಿನ ತಾಣವೋ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ಸುಲಭ: ಫ್ಯಾಮಿಲಿಸರ್ಚ್‌ನಿಂದ ಶುರು ಮಾಡಿ. ಅದು ಪೂರ್ತಿ ಉಚಿತ. ನಡೆಸುವವರು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು. ಸತ್ತ ಪೂರ್ವಜರ ಹೆಸರಿನಲ್ಲಿ ದೀಕ್ಷೆ ಕೊಡಿಸುವುದು ಅವರ ಧರ್ಮದ ಭಾಗ. ಹಾಗಾಗಿ ಪೂರ್ವಜರನ್ನು ಹುಡುಕುವುದು ಅವರಿಗೆ ಹವ್ಯಾಸದ ಮಾತಲ್ಲ. 1894ರಲ್ಲಿ ಸಂಘ ಕಟ್ಟಿದರು, 1938ರಿಂದ ಊರೂರಿನ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿದರು. ಅಂಥ ಸುಮಾರು 24 ಲಕ್ಷ ಸುರುಳಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ 2021ರಲ್ಲಿ ಮುಗಿಯಿತು. ಕೆಲವು ಚಿತ್ರಗಳನ್ನು ಮಾತ್ರ ಮನೆಯಿಂದ ನೋಡಲು ಬಿಡುವುದಿಲ್ಲ, ಅವರ ಕೇಂದ್ರಕ್ಕೋ ಅವರ ಜೊತೆ ಸೇರಿಕೊಂಡ ಲೈಬ್ರರಿಗೋ ಹೋಗಬೇಕು.

ಇದರಲ್ಲಿ ಒಂದು ತೊಡಕಿದೆ. ವಂಶವೃಕ್ಷ ಇಡೀ ಲೋಕಕ್ಕೆ ಒಂದೇ. ನೀವು ಬರೆದದ್ದನ್ನು ನಾಳೆ ಬೇರೆ ಯಾರೋ ತಿದ್ದಿರುತ್ತಾರೆ. ಅದಕ್ಕೇ ನಾನು ಮರವನ್ನು ಮನೆಯ ನೋಟ್‌ಬುಕ್ಕಿನಲ್ಲಿ ಇಟ್ಟು, ಫ್ಯಾಮಿಲಿಸರ್ಚನ್ನು ದಾಖಲೆ ನೋಡಲು ಮಾತ್ರ ಬಳಸುತ್ತೇನೆ.

2024ರಲ್ಲಿ ಅವರು ಕೈಬರಹವನ್ನು ಯಂತ್ರವೇ ಓದಿ ಹುಡುಕುವ ಸೌಲಭ್ಯ ತಂದರು. ಮೊದಲಿಗೆ ಅಮೆರಿಕದ ಜಮೀನು, ಉಯಿಲು ಪುಸ್ತಕಗಳಿಗೆ. ಇದರ ಬೆಲೆ ಕಚೇರಿಯಲ್ಲಿ ರಿಜಿಸ್ಟರ್ ತಿರುವಿದವರಿಗೆ ಗೊತ್ತು. ಹಳೆಯ ಸೂಚಿಯಲ್ಲಿ ಮಾರಿದವರು, ಕೊಂಡವರು ಇಬ್ಬರೇ ಇರುತ್ತಿದ್ದರು. ಸಾಕ್ಷಿ ಹಾಕಿದವನು, ಪಕ್ಕದ ಹೊಲದವನು ಸೂಚಿಗೆ ಬರುತ್ತಿರಲಿಲ್ಲ. ನಮ್ಮ ಬೀಗರ ಮುತ್ತಜ್ಜನ ಅಪ್ಪ ನನಗೆ ಮೊದಲು ಸಿಕ್ಕಿದ್ದು ಬೇರೆ ಯಾರದೋ ಕ್ರಯಪತ್ರದ ಸಾಕ್ಷಿಯಾಗಿ. ಸಹಿ ಬರದೆ ಬರೀ ಒಂದು ಗುಣಿಸು ಗುರುತು ಹಾಕಿದ್ದರು.

ದುಡ್ಡಿನ ತಾಣಗಳಲ್ಲಿ ದೊಡ್ಡದು ಆನ್ಸೆಸ್ಟ್ರಿ. ಅಲ್ಲಿ ಹುಡುಕಾಟ ಚೆನ್ನಾಗಿದೆ, ಇದನ್ನು ಒಪ್ಪಬೇಕು. ಆದರೆ ಅಮೆರಿಕದ ಎಷ್ಟೋ ಸಾರ್ವಜನಿಕ ಲೈಬ್ರರಿಗಳಲ್ಲಿ ಅದರ ಲೈಬ್ರರಿ ಆವೃತ್ತಿ ಬಿಟ್ಟಿಯಾಗಿ ಸಿಗುತ್ತದೆ. ಮಗಳ ಮನೆಯ ಹತ್ತಿರದ ಲೈಬ್ರರಿಯಲ್ಲಿ ಕೂತು ನೋಡಿದರೆ ನಿಮಗೆ ಖರ್ಚೇ ಇಲ್ಲ. ಊರಿಗೆ ಮರಳಿದ ಮೇಲೆ ಬೇಕೇ ಬೇಕು ಅನಿಸಿದರೆ ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಿಕೊಂಡು ಒಂದೇ ತಿಂಗಳಿಗೆ ಸೇರಿ, ಕೆಲಸ ಮುಗಿಸಿ, ರದ್ದು ಮಾಡಿ. ಉಚಿತ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಯಾಕೆ ಅಂತ ನಮ್ಮ ಅಳಿಯನ ಕಾರ್ಡಿನ ಬಿಲ್ಲು ಹೇಳುತ್ತದೆ.

ಜನಗಣತಿಯ ಯಾವ ವರ್ಷ?

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. ಜನರ ಹೆಸರಿರುವ ಹಾಳೆಗಳನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ಬಿಡುತ್ತಾರೆ. 1950ರದು 2022ರ ಏಪ್ರಿಲ್ 1ಕ್ಕೆ ಹೊರಬಂತು. 1960ರದಕ್ಕೆ 2032ರ ತನಕ ಕಾಯಬೇಕು. 1950ರಲ್ಲಿ ಗೊತ್ತಿರುವ ಅಜ್ಜನನ್ನು ಹಿಡಿದು ಹತ್ತತ್ತು ವರ್ಷ ಹಿಂದೆ ಹೆಜ್ಜೆ ಹಾಕುವುದು ಕ್ರಮ.

ಎಲ್ಲ ವರ್ಷದ ಗಣತಿಯೂ ಒಂದೇ ತೂಕದ್ದಲ್ಲ. 1790ರಿಂದ 1840ರ ತನಕ ಮನೆ ಯಜಮಾನನ ಹೆಸರು ಮಾತ್ರ ಬರೆದು, ಉಳಿದವರನ್ನು ವಯಸ್ಸಿನ ಕಾಲಂನಲ್ಲಿ ಅಂಕಿ ಮಾಡಿ ಬಿಟ್ಟಿದ್ದಾರೆ. 1820ರಲ್ಲಿ ಇಂಡಿಯಾನಾದ ಸ್ಪೆನ್ಸರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ತಾಲ್ಲೂಕು, ಜಿಲ್ಲೆಯ ಥರದ ಆಡಳಿತ ಭಾಗ) ಪಟ್ಟಿಯಲ್ಲಿ ಥಾಮಸ್ ಲಿಂಕನ್ ಇದ್ದಾನೆ. ಹನ್ನೊಂದು ವರ್ಷದ ಅಬ್ರಹಾಂ ಎಲ್ಲಿ ಅಂದರೆ ಗಂಡುಮಕ್ಕಳ ಕಾಲಂನ ಒಂದು ಅಂಕಿ, ಅಷ್ಟೇ. 1850ರಿಂದ ಸ್ವತಂತ್ರರಾದ ಎಲ್ಲರ ಹೆಸರೂ ಬರುತ್ತದೆ. 1880ರಿಂದ ಯಜಮಾನನಿಗೆ ಯಾರು ಏನಾಗಬೇಕು ಅನ್ನುವುದೂ ಬರುತ್ತದೆ. ಅದಕ್ಕೆ ಮುಂಚಿನ ಪಟ್ಟಿಯಲ್ಲಿ ಒಂದೇ ಮನೆಯಲ್ಲಿರುವ ಹುಡುಗನನ್ನು ಮಗ ಅಂದುಕೊಂಡರೆ ಕೆಟ್ಟಿರಿ. ತಮ್ಮನ ಮಗನೋ, ಆಳೋ, ಅನಾಥನೋ ಆಗಿರಬಹುದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ಹಾಳೆ 1900ರದು. ಅದರಲ್ಲಿ ಹುಟ್ಟಿದ ತಿಂಗಳು, ವರ್ಷ ಇದೆ. ಮದುವೆಯಾಗಿ ಎಷ್ಟು ವರ್ಷ ಅಂತ ಇದೆ. ಹೆಂಗಸರಿಗೆ ಎರಡು ಕಾಲಂ ಜಾಸ್ತಿ: ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು. ಬೀಗರ ಮುತ್ತಜ್ಜಿಯ ಸಾಲಿನಲ್ಲಿ 9, 5 ಎಂದಿತ್ತು. ನಮ್ಮ ಬೀಗಿತ್ತಿ ಪರದೆಯ ಹತ್ತಿರ ಬಗ್ಗಿ ನೋಡಿದರು. ಎದ್ದು ಹೋಗಿ ಬೈಬಲ್ ತಂದು ಬೆರಳಿಟ್ಟು ಎಣಿಸಿದರು. ಅದರಲ್ಲಿದ್ದದ್ದು ಏಳೇ ಹೆಸರು. ಇನ್ನಿಬ್ಬರು ಮಕ್ಕಳು ಯಾರು?

ಆ ಇಬ್ಬರು ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಕಾರಣವಿದೆ. 1890ರ ಹಾಳೆಗಳು 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಹಾಳಾದವು. ಉಳಿದದ್ದನ್ನೂ ಆಮೇಲೆ ಸರ್ಕಾರವೇ ವಿಲೇವಾರಿ ಮಾಡಿತು. ಈಗ ಇರುವುದು ಸುಮಾರು 6,000 ಹೆಸರಿನ ಚೂರುಗಳು. ಇಂಡಿಯಾನಾದಲ್ಲಿ ರಾಜ್ಯ ಮಟ್ಟದ ಜನನ ನೋಂದಣಿ ಶುರುವಾದದ್ದು 1907ರಲ್ಲಿ. 1880ರ ಗಣತಿ ಆದಮೇಲೆ ಹುಟ್ಟಿ, 1900ರ ಗಣತಿಗೆ ಮುಂಚೆ ತೀರಿಕೊಂಡ ಮಗು ಈ ಎರಡು ಬಲೆಯಿಂದಲೂ ನುಸುಳಿಹೋಗುತ್ತದೆ. 1882ರಿಂದ ಕೌಂಟಿ ಮಟ್ಟದಲ್ಲಿ ಬರೆಯುತ್ತಿದ್ದರು, ಅದೂ ಬಿಟ್ಟು ಬಿಟ್ಟು. ನಮಗೆ ಸಿಗಲಿಲ್ಲ.

ರೈತರ ಮನೆಯಾದರೆ 1850ರಿಂದ 1880ರ ತನಕದ ಕೃಷಿ ಪಟ್ಟಿಯನ್ನೂ ಬಿಡಬೇಡಿ. ವಂಶಕ್ಕೆ ಅದರಿಂದ ಹೊಸ ಹೆಸರೇನೂ ಸಿಗುವುದಿಲ್ಲ, ಆದರೆ ಮನೆ ಕಣ್ಣಿಗೆ ಕಟ್ಟುತ್ತದೆ. ಉತ್ತ ಎಕರೆ, ಹಂದಿ, ಕರೆಯುವ ಹಸು, ಮನೆಯಲ್ಲಿ ಕಡೆದ ಬೆಣ್ಣೆ ಎಷ್ಟು ಪೌಂಡ್ ಅನ್ನುವುದೂ ಬರೆದಿದ್ದಾರೆ.

ವಯಸ್ಸನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಲಿಂಕನ್‌ನ ಹೆಂಡತಿ ಮೇರಿಗೆ 1850ರ ಗಣತಿಯಲ್ಲಿ 28, 1860ರಲ್ಲಿ 35. ಹುಟ್ಟಿದ್ದು 1818ರಲ್ಲಿ. ಹತ್ತು ವರ್ಷಕ್ಕೆ ಏಳೇ ವರ್ಷ! ಹೆಸರಿನ ಕಾಗುಣಿತವೂ ಹಾಗೇ. ಲಿಂಕನ್ ಅನ್ನುವುದು ಹಳೆಯ ಕಾಗದಗಳಲ್ಲಿ ಲಿಂಕ್‌ಹಾರ್ನ್ ಎಂದೂ ಇದೆ. ಉಚ್ಚಾರಣೆ ಹತ್ತಿರವಿರುವ ಹೆಸರುಗಳನ್ನು ಒಟ್ಟಿಗೆ ಹುಡುಕಲು ಸೌಂಡೆಕ್ಸ್ ಅನ್ನುವ ಸಂಕೇತವಿದೆ, ಆದರೆ ಅದರಲ್ಲೂ ಲಿಂಕನ್‌ಗೆ ಬರುವ ಅಂಕಿ 524, ಲಿಂಕ್‌ಹಾರ್ನ್‌ಗೆ 526. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಊರು ಗೊತ್ತಿದ್ದರೆ ಹೆಸರು ಬಿಟ್ಟು ಆ ಊರಿನ ಹಾಳೆಗಳನ್ನು ಒಂದೊಂದಾಗಿ ಓದುವುದೇ ಮೇಲು.

ಜಮೀನಿನ ಪತ್ರ: ಚಕ್ಕುಬಂದಿಯ ರಾಜ್ಯವೋ, ಸರ್ವೆ ನಂಬರಿನ ರಾಜ್ಯವೋ?

ಇದು ನನ್ನ ಇಷ್ಟದ ಭಾಗ, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಲಿಂಕನ್ ತನ್ನ ಬಗ್ಗೆ ಬರೆದುಕೊಂಡಾಗ, ಹಿರಿಯರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಿಂದ ವರ್ಜೀನಿಯಾಗೆ ಬಂದವರು ಎಂಬಲ್ಲಿಗೆ ನಿಲ್ಲಿಸಿದ. ನ್ಯೂ ಇಂಗ್ಲೆಂಡಿನ ಲಿಂಕನ್‌ಗಳಿಗೂ ತಮಗೂ ಸಂಬಂಧವಿದೆಯಾ ಎಂದು ಹುಡುಕಿದಾಗ ಸಿಕ್ಕಿದ್ದು ಹೆಸರುಗಳ ಹೋಲಿಕೆ ಮಾತ್ರ ಅಂದ. ಎರಡೂ ಕಡೆ ಲೀವೈ, ಮೊರ್ಡೆಕೈ, ಸಾಲೊಮನ್, ಅಬ್ರಹಾಂ. ಹೆಸರು ಅವನನ್ನು ಅಲ್ಲಿಂದಾಚೆ ಕರೆದೊಯ್ಯಲಿಲ್ಲ. ಮುಂದೆ ಹುಡುಕಿದವರು ಉಯಿಲು, ಕ್ರಯಪತ್ರಗಳನ್ನು ಹಿಡಿದು ವರ್ಜೀನಿಯಾದಿಂದ ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ ದಾಟಿ ಮ್ಯಾಸಚೂಸೆಟ್ಸಿನ ಹಿಂಗಮ್ ಊರಿಗೆ ಮುಟ್ಟಿದರು. ಅಲ್ಲಿ 1637ರಲ್ಲಿ ಇಂಗ್ಲೆಂಡಿನಿಂದ ಬಂದಿಳಿದ ಸ್ಯಾಮ್ಯುಯೆಲ್ ಲಿಂಕನ್ ಸಿಕ್ಕಿದ. ಸಂಬಂಧ ಇದ್ದೇ ಇತ್ತು.

ಅಮೆರಿಕದ ಜಮೀನಿನಲ್ಲಿ ಎರಡು ಬಗೆ. ಮೊದಲಿನ 13 ವಸಾಹತುಗಳು, ಕೆಂಟಕಿ, ಟೆನೆಸಿಯಂಥ ಅವುಗಳ ನೆರೆಯವು, ಟೆಕ್ಸಸ್ ಇವೆಲ್ಲ ರಾಜ್ಯವೇ ಜಮೀನು ಹಂಚಿದ ಕಡೆ. ಉಳಿದ 30 ರಾಜ್ಯಗಳಲ್ಲಿ ಕೇಂದ್ರ ಸರ್ಕಾರ ಅಳೆದು ಮಾರಿತು ಇಲ್ಲವೇ ಕೊಟ್ಟಿತು.

ಮೊದಲನೆಯ ಬಗೆಯಲ್ಲಿ ಜಮೀನಿನ ವಿವರ ನಮ್ಮ ಚಕ್ಕುಬಂದಿಯ ಹಾಗೆ. ಇಂಥವನ ಮೂಲೆಯ ಬಿಳಿ ಓಕ್ ಮರದಿಂದ ದಕ್ಷಿಣಕ್ಕೆ ಇಷ್ಟು ಪೋಲ್, ಅಲ್ಲಿಂದ ಹಳ್ಳದ ತಿರುವು ಹಿಡಿದು ಇಂಥವನ ಗಡಿಯ ತನಕ. ಒಂದು ಪೋಲ್ ಅಂದರೆ ಹದಿನಾರೂವರೆ ಅಡಿ. ಅದನ್ನು ಓದಿ ನನಗೆ ಖುಷಿಯಾಯಿತು. ಎರಡು ಪೋಲ್ ಸೇರಿದರೆ ನಮ್ಮ 33 ಅಡಿ ಸರಪಳಿ! ಗುಂಟೆಯ ಲೆಕ್ಕ ನೇರವಾಗಿ ಬರುತ್ತದೆ. ಇಂಥ ಪತ್ರದ ದೊಡ್ಡ ಲಾಭ ಅಕ್ಕಪಕ್ಕದವರ ಹೆಸರು. ಹಳ್ಳಿಯಲ್ಲಿ ಹೆಣ್ಣು ತರುವುದು ಎಲ್ಲಿಂದ? ಕುದುರೆ ಮೇಲೆ ಹೋಗಿ ಸಂಜೆಯೊಳಗೆ ಬರುವಷ್ಟು ದೂರದಿಂದ. ಬೀಗರ ಮುತ್ತಜ್ಜನ ತಾಯಿಯ ತೌರಿನ ಹೆಸರು ನನಗೆ ಸಿಕ್ಕಿದ್ದು ಪೂರ್ವದ ಗಡಿಯಲ್ಲಿ. ನಷ್ಟವೂ ಇದೆ. ಓಕ್ ಮರ ಈಗಿಲ್ಲ, ನಕ್ಷೆಯಲ್ಲಿ ಜಾಗ ಕೂರಿಸುವುದು ಕಷ್ಟ. ಆ ಕಾಲದಲ್ಲೇ ಒಂದೇ ಜಮೀನಿಗೆ ಎರಡು ಮೂರು ಜನ ಹಕ್ಕು ಹೂಡಿ ಕೋರ್ಟಿಗೆ ಅಲೆದಿದ್ದಾರೆ.

ಲಿಂಕನ್‌ನ ಅಪ್ಪ ಥಾಮಸ್ ಕೆಂಟಕಿ ಬಿಟ್ಟದ್ದೂ ಇದಕ್ಕೇ. ಗುಲಾಮಗಿರಿ ಒಂದು ಕಾರಣ, ಆದರೆ ಮುಖ್ಯವಾಗಿ ಜಮೀನಿನ ಹಕ್ಕಿನ ತೊಂದರೆ ಎಂದು ಮಗನೇ ಬರೆದಿದ್ದಾನೆ. 1816ರಲ್ಲಿ ಇಂಡಿಯಾನಾಗೆ ಬಂದ. ಅಲ್ಲಿ ಎರಡನೆಯ ಬಗೆ. 1785ರ ಕಾನೂನಿನಂತೆ ನೆಲವನ್ನು ಆರು ಮೈಲಿ ಚೌಕದ ಟೌನ್‌ಷಿಪ್ಪುಗಳಾಗಿ ಅಳೆದು, ಒಂದೊಂದನ್ನೂ 36 ಸೆಕ್ಷನ್ ಮಾಡಿದ್ದರು. ಒಂದು ಸೆಕ್ಷನ್ 640 ಎಕರೆ, ಕಾಲು ಭಾಗ 160. ನಂಬರು ಹಾಕುವ ರೀತಿ ಮಾತ್ರ ಚೆಂದ. ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗಿದ ಹಾಗೆ, ಒಂದು ಸಾಲು ಬಲದಿಂದ ಎಡಕ್ಕೆ, ಮುಂದಿನದು ಎಡದಿಂದ ಬಲಕ್ಕೆ.

1817ರಲ್ಲಿ ಥಾಮಸ್ ವಿನ್ಸೆನ್ಸ್ ಊರಿನ ಜಮೀನು ಕಚೇರಿಯಲ್ಲಿ 160 ಎಕರೆಗೆ ಹೆಸರು ಬರೆಸಿದ. ಎಕರೆಗೆ ಎರಡು ಡಾಲರ್, ಕಂತಿನ ಮೇಲೆ. ಪೂರ್ತಿ ಕಟ್ಟಲಾಗಲಿಲ್ಲ. 1827ರಲ್ಲಿ ಅರ್ಧ ವಾಪಸು ಕೊಟ್ಟು 80 ಎಕರೆಗೆ ಹಕ್ಕುಪತ್ರ ಪಡೆದ. ಇಂಥ ಹಕ್ಕುಪತ್ರಗಳನ್ನು ಕೇಂದ್ರದ ಭೂ ನಿರ್ವಹಣಾ ಇಲಾಖೆ ತನ್ನ ತಾಣದಲ್ಲಿ ಬಿಟ್ಟಿಯಾಗಿ ತೋರಿಸುತ್ತದೆ. 50 ಲಕ್ಷಕ್ಕೂ ಹೆಚ್ಚು ದಾಖಲೆಗಳಿವೆ. ಸೆಕ್ಷನ್ ನಂಬರು ಹಿಡಿದು ಹೋದರೆ ಇವತ್ತೂ ಅದೇ ಹೊಲದ ಬದುವಿನ ಮೇಲೆ ನಿಲ್ಲಬಹುದು.

ಆದರೆ ದುಡ್ಡು ಕೊಟ್ಟು ಕೊಂಡ ಜಮೀನಿನ ಕಡತ ತೆಳು. ರಸೀತಿ ಬಿಟ್ಟರೆ ಏನೂ ಇರುವುದಿಲ್ಲ. ದಪ್ಪ ಕಡತ ಬೇಕೆಂದರೆ 1862ರ ಹೋಮ್‌ಸ್ಟೆಡ್ ಕಾನೂನಿನಡಿ ಜಮೀನು ಪಡೆದವರ ಮನೆ ಆಗಬೇಕು. 160 ಎಕರೆಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ ಜಮೀನು ನಿಮ್ಮದು. ನಮ್ಮ ದರಖಾಸ್ತಿನ ಥರ. ವಾಸವಿದ್ದದ್ದಕ್ಕೆ ನೆರೆಯವರ ಹೇಳಿಕೆ, ಮನೆಯ ಉದ್ದಗಲ, ಕಿಟಕಿ, ಬಾವಿ, ಬೆಳೆ, ಹೊರದೇಶದಿಂದ ಬಂದವರಾದರೆ ಪೌರತ್ವದ ಕಾಗದ ಎಲ್ಲ ಕಡತದಲ್ಲಿರುತ್ತವೆ. ಸುಮಾರು 16 ಲಕ್ಷ ಜನ ಹೀಗೆ ಜಮೀನು ಪಡೆದರು. ನಡುವೆ ಬಿಟ್ಟು ಹೋದವರ ಕಡತಗಳೂ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ನೆಬ್ರಾಸ್ಕಾ, ಕಾನ್ಸಸ್, ಡಕೋಟಾ ಕಡೆಯ ಬೀಗರು ನಿಮಗಿದ್ದರೆ ನೇರ ಇದಕ್ಕೇ ಹೋಗಿ, ನಕಲಿಗೆ ದುಡ್ಡು ಕೊಟ್ಟರೂ ಮೋಸವಿಲ್ಲ.

ಯಾವ ಬಗೆಯದಾದರೂ ಕೌಂಟಿಯ ವಿಷಯದಲ್ಲಿ ಎಡವುತ್ತೀರಿ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ನಮ್ಮ ತಾಲ್ಲೂಕು, ಜಿಲ್ಲೆ ಒಡೆದ ಹಾಗೆ ಅವೂ ಒಡೆದಿವೆ. ಹಳೆಯ ಪುಸ್ತಕಗಳು ಮಾತ್ರ ಹಳೆಯ ಕೌಂಟಿಯಲ್ಲೇ ಉಳಿದಿವೆ. 1809ರಲ್ಲಿ ಲಿಂಕನ್ ಹುಟ್ಟಿದ ಜಾಗ ಆಗ ಹಾರ್ಡಿನ್ ಕೌಂಟಿ, 1843ರಿಂದ ಲಾರೂ ಕೌಂಟಿ. ಇಂಡಿಯಾನಾದ ಹೊಲ ಮೊದಲು ಪೆರಿ ಕೌಂಟಿ, 1818ರಿಂದ ಸ್ಪೆನ್ಸರ್. ಮನೆ ಕದಲಲಿಲ್ಲ, ಗಡಿ ಕದಲಿತು. ಶಿಕಾಗೋದ ನ್ಯೂಬೆರಿ ಲೈಬ್ರರಿಯವರ ಹಳೆಯ ಕೌಂಟಿ ಗಡಿಗಳ ನಕ್ಷೆ ಆನ್‌ಲೈನ್‌ನಲ್ಲಿ ಉಚಿತ. ಮೊದಲು ಅದನ್ನು ನೋಡಿ, ಆಮೇಲೆ ಹುಡುಕಾಟ.

ಮದುವೆಯ ಕಾಗದಕ್ಕೆ ಇನ್ನೊಂದು ಸೂತ್ರ. ಅದು ಸಾಮಾನ್ಯವಾಗಿ ಹೆಣ್ಣಿನ ಕಡೆಯ ಕೌಂಟಿಯಲ್ಲಿರುತ್ತದೆ. ನಮ್ಮಲ್ಲೂ ಧಾರೆ ಹೆಣ್ಣಿನ ಊರಲ್ಲೇ ಅಲ್ವಾ? ಲಿಂಕನ್‌ನ ಅಪ್ಪ ಅಮ್ಮನ ಮದುವೆ ಕಾಗದವನ್ನು ಅವರು ಸಂಸಾರ ಹೂಡಿದ ಹಾರ್ಡಿನ್ ಕೌಂಟಿಯಲ್ಲಿ ಹುಡುಕಿ, ಸಿಗದೆ, ಮದುವೆಯೇ ಆಗಿರಲಿಲ್ಲ ಎಂಬ ಗುಸುಗುಸು ಎದ್ದಿತ್ತು. ಕಾಗದ ಇದ್ದದ್ದು ವಾಷಿಂಗ್ಟನ್ ಕೌಂಟಿಯಲ್ಲಿ, ತಾರೀಖು 1806ರ ಜೂನ್ 12. ಅದು ಬೆಳಕಿಗೆ ಬಂದಾಗ ಅಬ್ರಹಾಂ ಬದುಕಿರಲಿಲ್ಲ.

ಕೌಂಟಿಯ ದಾಖಲೆ ಪುಸ್ತಕಗಳನ್ನಿಟ್ಟ ಕೋರ್ಟ್‌ಹೌಸೇ ಸುಟ್ಟಿದ್ದರೆ? ವರ್ಜೀನಿಯಾದ ಬಕಿಂಗ್‌ಹ್ಯಾಮ್ ಕೌಂಟಿಯದು 1869ರಲ್ಲಿ ಹೀಗೆ ಸುಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಇಂಥವು ಹಲವಿವೆ. ಆಗ ರಾಜಧಾನಿಗೆ ಕಳಿಸಿದ್ದ ತೆರಿಗೆ ಪಟ್ಟಿಯ ಪ್ರತಿ, ಪಕ್ಕದ ಕೌಂಟಿಯ ಪುಸ್ತಕ, ಬೆಂಕಿಯ ನಂತರ ಜನ ತಂದು ಮತ್ತೆ ನೋಂದಾಯಿಸಿದ ಪತ್ರ ಇವನ್ನೇ ಜಾಲಾಡಬೇಕು.

ಸಮಾಧಿ, ಮರಣ ಪತ್ರ, ಪತ್ರಿಕೆ

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಫೈಂಡ್ ಎ ಗ್ರೇವ್ ತಾಣದಲ್ಲಿ ಊರೂರಿನ ಸ್ವಯಂಸೇವಕರು ತೆಗೆದ ಸಮಾಧಿ ಕಲ್ಲಿನ ಫೋಟೋಗಳಿವೆ. ಕಲ್ಲನ್ನು ನಂಬಿ, ಅದರ ಕೆಳಗೆ ಯಾರೋ ಬರೆದ ಕಥೆಯನ್ನು ಬೇಡ. ಮರಣ ಪತ್ರದಲ್ಲಿ ಸತ್ತ ತಾರೀಖು ಗಟ್ಟಿ. ಅಪ್ಪ ಅಮ್ಮನ ಹೆಸರು ಅಷ್ಟು ಗಟ್ಟಿಯಲ್ಲ, ಯಾಕಂದರೆ ಅದನ್ನು ಹೇಳಿದವನು ದುಃಖದಲ್ಲಿದ್ದ ಅಳಿಯನೋ ನೆರೆಯವನೋ ಆಗಿರುತ್ತಾನೆ. ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕ ಇದೆ, ಇಂಡಿಯಾನಾದವರಿಗೆ ಹೂಸಿಯರ್ ಸ್ಟೇಟ್ ಕ್ರಾನಿಕಲ್ಸ್ ಇದೆ, ಎರಡೂ ಉಚಿತ. ಸಾವಿನ ಸುದ್ದಿಗಿಂತ ನನಗೆ ಹಿಡಿಸಿದ್ದು ಊರ ಸುದ್ದಿಯ ಅಂಕಣ. ಭಾನುವಾರ ಯಾರು ಯಾರ ಮನೆಗೆ ಊಟಕ್ಕೆ ಹೋದರು ಅನ್ನುವುದೆಲ್ಲ ಅಚ್ಚಾಗಿದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಗಂಡನ ಮನೆ ಹೆಸರು ಸಿಗುವುದು ಇಲ್ಲೇ.

ಹುಡುಕುವ ಮನೆ ಕಪ್ಪು ಜನರದ್ದಾದರೆ

ಮೇಲೆ ಹೇಳಿದ ಕ್ರಮ 1870ರ ತನಕ ನಡೆಯುತ್ತದೆ, ಅಲ್ಲಿ ಗೋಡೆ. ಗುಲಾಮರಾಗಿದ್ದವರ ಹೆಸರು ಗಣತಿಯಲ್ಲಿ ಬಂದದ್ದು ಆ ವರ್ಷವೇ ಮೊದಲು. 1850, 1860ರಲ್ಲಿ ಅವರಿಗೆ ಬೇರೆ ಹಾಳೆ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಎಂದಿಷ್ಟೇ ಬರೆದಿದ್ದಾರೆ, ಹೆಸರು ಹೆಚ್ಚುಕಡಿಮೆ ಎಲ್ಲೂ ಇಲ್ಲ. ಬಿಡುಗಡೆಯಾದ ಗುಲಾಮರಿಗೆ ನೆರವಾಗಲು ಸರ್ಕಾರ 1865ರಿಂದ 1872ರ ತನಕ ನಡೆಸಿದ ಫ್ರೀಡ್‌ಮೆನ್ಸ್ ಬ್ಯೂರೋ ಅನ್ನುವ ಕಚೇರಿಯ ಕಾಗದಗಳು ಇಲ್ಲಿ ದೊಡ್ಡ ಆಸರೆ. ಕೂಲಿ ಕರಾರು, ಮದುವೆ, ಪಡಿತರದ ಪಟ್ಟಿಗಳು ಅದರಲ್ಲಿವೆ. ಅದಕ್ಕೂ ಹಿಂದೆ ಹೋಗಬೇಕಾದರೆ ಒಡೆಯನ ಮನೆಯ ಉಯಿಲು, ಅವನು ಸತ್ತಾಗ ಮಾಡಿದ ಆಸ್ತಿ ಪಟ್ಟಿ ಓದಬೇಕು. ಹೆಸರು ಅಲ್ಲಿರುತ್ತದೆ, ಕುದುರೆ, ನೇಗಿಲಿನ ಸಾಲಿನಲ್ಲಿ, ಪಕ್ಕದಲ್ಲಿ ಬೆಲೆ ಬರೆದು. ಒಬ್ಬರೇ ಕೂತು ಓದುವಂಥ ಕಾಗದವಲ್ಲ ಅದು. ಮನೆಯವರ ಜೊತೆ ಕೂತು ಓದಿ.

ಡಿಎನ್‌ಎ ಮಾಡಿಸಬೇಕಾ?

ಸುಮ್ನೆ ಕುತೂಹಲಕ್ಕೆ ಬೇಡ ಅನ್ನುತ್ತೇನೆ. "ನೀವು ಶೇಕಡ 34 ಸ್ಕಾಟಿಷ್" ಎಂಬ ಬಣ್ಣದ ನಕ್ಷೆಯಿಂದ ವಂಶದಲ್ಲಿ ಒಂದು ಹೆಸರೂ ಹೆಚ್ಚುವುದಿಲ್ಲ. ಕಂಪನಿ ಲೆಕ್ಕ ಬದಲಾಯಿಸಿದಾಗ ಆ ಅಂಕಿಯೂ ಬದಲಾಗುತ್ತದೆ. ನಿಮ್ಮ ಹತ್ತಿರ ಒಂದು ನಿರ್ದಿಷ್ಟ ಪ್ರಶ್ನೆ ಇದ್ದರೆ ಮಾಡಿಸಿ, ಆ ಪ್ರಶ್ನೆಗೆ ತಕ್ಕ ಪರೀಕ್ಷೆ ಆರಿಸಿಕೊಳ್ಳಿ.

ಸಾಮಾನ್ಯವಾಗಿ ಮಾರುವುದು ಆಟೋಸೋಮಲ್ ಪರೀಕ್ಷೆ. ಅದು ಎಲ್ಲ ಕೊಂಬೆಯನ್ನೂ ಮುಟ್ಟುತ್ತದೆ, ಆದರೆ ಹಿಂದೆ ಹೋದಷ್ಟೂ ತೆಳುವಾಗುತ್ತದೆ. ಐದಾರು ತಲೆಮಾರಿನ ಆಚೆ ನಂಬಿಕೆ ಇಡಬೇಡಿ. ಹಾಗಾಗಿ ಮೊಮ್ಮಗನ ಎಂಜಲು ಕಳಿಸುವ ಬದಲು ಮನೆಯ ಹಿರಿಯ ಜೀವದ್ದು ಕಳಿಸಿ. ವೈ ಪರೀಕ್ಷೆ ಅಪ್ಪನಿಂದ ಮಗನಿಗೆ ಇಳಿಯುವ ಎಳೆ, ಮನೆತನದ ಹೆಸರಿನ ಜೊತೆ ಸಾಗುತ್ತದೆ. ಮೈಟೊಕಾಂಡ್ರಿಯಾ ಪರೀಕ್ಷೆ ತಾಯಿಯಿಂದ ಮಗಳಿಗೆ ಇಳಿಯುವ ಎಳೆ. ಇದು ತೀರ ಅಪರೂಪಕ್ಕೆ ಉಪಯೋಗ.

ಆ ಅಪರೂಪದ ಉಪಯೋಗವೂ ಲಿಂಕನ್ ಮನೆಯಲ್ಲೇ ಆಯಿತು. ಅವನ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಯಾರ ಮಗಳು ಎಂಬ ಜಗಳ ನೂರು ವರ್ಷಕ್ಕೂ ಮೇಲೆ ನಡೆದಿತ್ತು. ಲ್ಯೂಸಿ ಹ್ಯಾಂಕ್ಸ್ ಮದುವೆಗೆ ಮುಂಚೆ ಹೆತ್ತವಳು ಎಂದು ಒಂದು ಕಡೆ. ಮರ್ಯಾದೆ ಉಳಿಸಲು ಹೊರಟವರು ತಾಯಿ ಶಿಪ್ಲಿ ಮನೆತನದ ಹೆಣ್ಣು, ಹ್ಯಾಂಕ್ಸ್ ಮನೆಗೆ ಸೊಸೆಯಾಗಿ ಬಂದವಳು ಎಂದು ಇನ್ನೊಂದು ಕಡೆ. ನ್ಯಾನ್ಸಿಯ ಒಬ್ಬಳೇ ಮಗಳು ಸಾರಾ 1828ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು, ನೇರ ಎಳೆ ಅಲ್ಲಿಗೆ ಕಡಿಯಿತು. ಆದ್ದರಿಂದ ಲ್ಯೂಸಿಯ ಬೇರೆ ಹೆಣ್ಣುಮಕ್ಕಳ ಸಂತತಿಯನ್ನು, ಹ್ಯಾಂಕ್ಸ್ ಮತ್ತು ಶಿಪ್ಲಿ ಹೆಣ್ಣುಮಕ್ಕಳ ಸಂತತಿಯನ್ನು ಕಾಗದದಲ್ಲಿ ಪತ್ತೆ ಮಾಡಿ ಹೋಲಿಸಿದರು. 2015ರಲ್ಲಿ ಫಲಿತಾಂಶ ಬಂತು. ಲ್ಯೂಸಿ ಹುಟ್ಟಿನಿಂದಲೇ ಹ್ಯಾಂಕ್ಸ್. ಶಿಪ್ಲಿ ಕಥೆ ಬಿದ್ದುಹೋಯಿತು. ಗಮನಿಸಿ, ಪರೀಕ್ಷೆ ಕೆಲಸ ಮಾಡಿದ್ದು ಕಾಗದದ ಕೆಲಸ ಮುಗಿದ ಮೇಲೆ.

ಇನ್ನೊಂದು ಎಚ್ಚರ. ಡಿಎನ್‌ಎ ಪರೀಕ್ಷೆಯಲ್ಲಿ ಮನೆಯ ಗುಟ್ಟು ಹೊರಬರಬಹುದು. ಅಣ್ಣ ತಮ್ಮ ಅಂದುಕೊಂಡವರು ಅರ್ಧ ಅಣ್ಣ ತಮ್ಮ ಆಗಿಬಿಡಬಹುದು. ನಾವು ಬೀಗರು ಅನ್ನುವುದನ್ನು ಮರೆಯಬಾರದು. ಕಿಟ್ ಉಡುಗೊರೆ ಕೊಡುವ ಮುಂಚೆ ಕೇಳಿ. ಕಂಪನಿಗಳೂ ಶಾಶ್ವತವಲ್ಲ. 23ಆಂಡ್‌ಮಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿದಾಗ, ನಮ್ಮ ಮಾಹಿತಿ ಇನ್ನು ಯಾರ ಪಾಲು ಎಂದು ಜನ ಗಾಬರಿಯಾಗಿದ್ದರು.

ನೀವೇ ಹೋಗುವುದೋ, ಯಾರನ್ನಾದರೂ ಗೊತ್ತು ಮಾಡುವುದೋ?

ದುಡ್ಡಿಗೆ ಹುಡುಕಿಕೊಡುವ ವೃತ್ತಿಯವರಿದ್ದಾರೆ, ಗಂಟೆ ಲೆಕ್ಕ. "ನಮ್ಮ ವಂಶ ಹುಡುಕಿ" ಎಂದು ಕೊಟ್ಟರೆ ಬಿಲ್ಲು ಬೆಳೆಯುತ್ತದೆ. "ಇಂಥ ಕೌಂಟಿಯಲ್ಲಿ 1815ರಿಂದ 1830ರ ಒಳಗೆ ಈ ಹೆಸರಿನ ಉಯಿಲು ಇದೆಯಾ" ಎಂದು ಕೊಟ್ಟರೆ ಎರಡು ಗಂಟೆಯ ಕೆಲಸ. ಅದಕ್ಕೂ ಮುಂಚೆ ಆ ಕೌಂಟಿಯ ಇತಿಹಾಸ ಸಂಘಕ್ಕೊಂದು ಇಮೇಲ್ ಹಾಕಿ ನೋಡಿ. ಅಲ್ಲಿ ನನ್ನಂಥ ನಿವೃತ್ತರೇ ಕೂತಿರುತ್ತಾರೆ. ಪ್ರಶ್ನೆ ಚೆನ್ನಾಗಿದ್ದರೆ ಕಾಸು ಕೇಳದೆ ಎದ್ದು ಹೋಗಿ ಪುಸ್ತಕ ತೆಗೆಯುತ್ತಾರೆ. ಇಂಡಿಯಾನಾದವರಿಗೆ ಇನ್ನೊಂದು ಅದೃಷ್ಟವಿದೆ. ಫೋರ್ಟ್ ವೇನ್ ಊರಿನ ಆಲನ್ ಕೌಂಟಿ ಲೈಬ್ರರಿಯ ವಂಶಾವಳಿ ವಿಭಾಗ ಇಡೀ ದೇಶದಲ್ಲೇ ದೊಡ್ಡವುಗಳಲ್ಲಿ ಒಂದು, ಒಳಗೆ ಹೋಗಲು ಶುಲ್ಕವಿಲ್ಲ.

ನಮಗೆ ಈಗ ಉಳಿದಿರುವುದು ಕೆಂಟಕಿಯ ಒಂದೇ ಪುಸ್ತಕ. ಅದರ ಚಿತ್ರ ಫ್ಯಾಮಿಲಿಸರ್ಚ್‌ನಲ್ಲಿದೆ, ಆದರೆ ಬೇಕಾದ ಪುಟದ ಬಲಗಡೆಯ ಅಂಚು ಹೊಲಿಗೆಯ ಮಡಿಕೆಯೊಳಗೆ ಸೇರಿಕೊಂಡು ಓದಲು ಬರುವುದಿಲ್ಲ. ಮೂಲ ಪುಸ್ತಕವನ್ನೇ ಬಿಡಿಸಿ ನೋಡಬೇಕು. ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಜೋಳದ ಕೊಯ್ಲು ಮುಗಿಯಲಿ, ಮಳೆ ಬಂದು ಕಂಬೈನ್ ನಿಂತ ದಿನ ಹೋಗೋಣ ಎಂದಿದ್ದಾರೆ ಬೀಗರು. ಕೋರ್ಟ್‌ಹೌಸ್ ಸಂಜೆ ನಾಲ್ಕಕ್ಕೇ ಮುಚ್ಚುತ್ತದಂತೆ, ಫೋನ್ ಮಾಡಿ ಕೇಳಿಕೊಂಡಿದ್ದೇನೆ.